ಪ್ರಾಥಮಿಕ ಶಾಲಾ ಮಕ್ಕಳ ಸೃಜನಶೀಲ ಸಮಸ್ಯಾಪರಿಹಾರ ಸ್ಪರ್ಧೆಗಳು

ಸಿದ್ಧ ಉತ್ತರವಿಲ್ಲದ ಸಮಸ್ಯೆಯೊಂದನ್ನು ನಾಲ್ಕರಿಂದ ಏಳು ಮಕ್ಕಳ ತಂಡದ ಮುಂದಿಟ್ಟು, ಅದಕ್ಕೆ ಪರಿಹಾರ ಹುಡುಕುವುದನ್ನೂ ಬೇಕಾದ ಸಾಮಾನು ತಯಾರಿಸುವುದನ್ನೂ ಕೊನೆಗೆ ತೀರ್ಪುಗಾರರೆದುರು ಮಾಡಿ ತೋರಿಸುವುದನ್ನೂ ಪೂರ್ತಿಯಾಗಿ ಮಕ್ಕಳಿಗೇ ಬಿಟ್ಟುಕೊಡುವ ಶಾಲಾ ಸ್ಪರ್ಧೆಗಳಿವು. 1970ರ ದಶಕದಲ್ಲಿ ಅಮೆರಿಕದಲ್ಲಿ ಆರಂಭವಾಗಿ ಈಗ ಹಲವು ದೇಶಗಳಲ್ಲಿ ನಡೆಯುತ್ತಿವೆ. ಫ್ಯೂಚರ್ ಪ್ರಾಬ್ಲಂ ಸಾಲ್ವಿಂಗ್ (1974), ಒಡಿಸಿ ಆಫ್ ದಿ ಮೈಂಡ್ (1978), ಆಸ್ಟ್ರೇಲಿಯಾದ ಟೂರ್ನಮೆಂಟ್ ಆಫ್ ಮೈಂಡ್ಸ್ (1987), ಡೆಸ್ಟಿನೇಷನ್ ಇಮ್ಯಾಜಿನೇಷನ್ (1999) ಇವುಗಳಲ್ಲಿ ಹೆಸರಾದವು. ಒಂದನೇ ತರಗತಿಗೂ ಮುಂಚಿನ ಪುಟಾಣಿಗಳಿಂದ ಹಿಡಿದು ಕಾಲೇಜು ವಿದ್ಯಾರ್ಥಿಗಳವರೆಗೆ ಬೇರೆ ಬೇರೆ ವಿಭಾಗಗಳಿದ್ದರೂ ಪ್ರಾಥಮಿಕ ಶಾಲೆಯ ಮಕ್ಕಳ ವಿಭಾಗದಲ್ಲೇ ಈ ಪದ್ಧತಿಯ ಗುಣವೂ ಕಷ್ಟವೂ ಚೆನ್ನಾಗಿ ಕಾಣಿಸುತ್ತವೆ.

ರಸಪ್ರಶ್ನೆ, ಗಣಿತ ಒಲಿಂಪಿಯಾಡ್, ಚರ್ಚಾಸ್ಪರ್ಧೆಗಳ ಸಾಲಿಗೆ ಇವನ್ನು ಸೇರಿಸಲಾಗದು. ರಸಪ್ರಶ್ನೆಯಲ್ಲಿ ಉತ್ತರ ಕೇಳುವವರ ಬಳಿ ಇರುತ್ತದೆ, ಮಗು ಅದನ್ನು ಬೇಗ ಹೇಳಬೇಕು. ಇಲ್ಲಿ ಉತ್ತರ ಯಾರ ಬಳಿಯೂ ಇಲ್ಲ. ಒಂದೇ ಸಮಸ್ಯೆಗೆ ಇಪ್ಪತ್ತು ತಂಡ ಇಪ್ಪತ್ತು ಬಗೆಯ ಪರಿಹಾರ ತಂದರೂ ಇಪ್ಪತ್ತೂ ಸರಿಯಿರಬಹುದು. ಯಾವುದರಲ್ಲಿ ಹೊಸತನ ಹೆಚ್ಚು, ಯಾವುದರಲ್ಲಿ ಧೈರ್ಯ ಹೆಚ್ಚು, ಯಾವುದು ಹೇಳಿದ ಕೆಲಸವನ್ನು ಮಾಡಿ ತೋರಿಸಿತು ಎಂಬುದನ್ನು ನೋಡಿ ಅಂಕ ಕೊಡುತ್ತಾರೆ.

ಹಿನ್ನೆಲೆ

ಸೃಜನಶೀಲತೆ ಕೆಲವರಿಗಷ್ಟೇ ಹುಟ್ಟಿನಿಂದ ಬರುವ ವರ, ಶಾಲೆಗೆ ಅದರ ಗೊಡವೆ ಬೇಡ ಎಂಬ ನಂಬಿಕೆ ಬಹುಕಾಲ ಇತ್ತು. ಮನಶ್ಶಾಸ್ತ್ರಜ್ಞ ಜೆ.ಪಿ. ಗಿಲ್ಫರ್ಡ್ 1950ರಲ್ಲಿ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಅಧ್ಯಕ್ಷ ಭಾಷಣಕ್ಕೆ ಇದೇ ವಿಷಯ ಎತ್ತಿಕೊಂಡರು. ಹಿಂದಿನ ಎರಡು ದಶಕಗಳಿಗೂ ಹೆಚ್ಚು ಕಾಲದ ಮನಶ್ಶಾಸ್ತ್ರ ಬರಹಗಳ ಪಟ್ಟಿಯಲ್ಲಿದ್ದ ಸುಮಾರು 1,21,000 ಶೀರ್ಷಿಕೆಗಳಲ್ಲಿ ಸೃಜನಶೀಲತೆಗೆ ಸಂಬಂಧಿಸಿದವು ಬರೀ 186 ಎಂದು ಅವರು ಎತ್ತಿ ತೋರಿಸಿದ್ದು ಸಂಶೋಧಕರನ್ನು ಎಚ್ಚರಿಸಿತು. ಅದೇ ಹೊತ್ತಿಗೆ ಜಾಹೀರಾತು ಕಂಪನಿಯೊಂದರ ಪಾಲುದಾರ ಅಲೆಕ್ಸ್ ಆಸ್ಬಾರ್ನ್ ಬೇರೆಯೇ ದಾರಿಯಲ್ಲಿ ಇದೇ ವಿಷಯಕ್ಕೆ ಬಂದಿದ್ದರು. ನಾಲ್ಕಾರು ಜನ ಕೂತು, ತಪ್ಪು-ಸರಿ ನೋಡದೆ ಹೊಳೆದದ್ದನ್ನೆಲ್ಲ ಹೇಳಿ, ಆಮೇಲೆ ಸೋಸುವ ‘ಬ್ರೈನ್‌ಸ್ಟಾರ್ಮಿಂಗ್’ ಪದ್ಧತಿ ಅವರ ಕೊಡುಗೆ. 1953ರಲ್ಲಿ ಹೊರಬಂದ ಅವರ ‘ಅಪ್ಲೈಡ್ ಇಮ್ಯಾಜಿನೇಷನ್’ ಪುಸ್ತಕದ ಆಧಾರದಲ್ಲಿ ಶಿಕ್ಷಣತಜ್ಞ ಸಿಡ್ನಿ ಪಾರ್ನ್ಸ್ ಜೊತೆಗೂಡಿ ರೂಪಿಸಿದ ಹಂತಹಂತದ ಕ್ರಮವೇ ‘ಕ್ರಿಯೇಟಿವ್ ಪ್ರಾಬ್ಲಂ ಸಾಲ್ವಿಂಗ್’.

1957ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕದ ಶಾಲೆಗಳ ಮೇಲೆ ದೊಡ್ಡ ಪ್ರಶ್ನೆ ಬಿತ್ತು. ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಿದ್ದಾರೋ, ಯೋಚಿಸುತ್ತಿದ್ದಾರೋ? ಮರುವರ್ಷ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ಬಂದು ವಿಜ್ಞಾನ, ಗಣಿತದ ಬೋಧನೆಗೆ ಹಣ ಹರಿಯಿತು. ಈ ವಾತಾವರಣದಲ್ಲಿ ಕೆಲಸ ಮಾಡಿದವರು ಮನಶ್ಶಾಸ್ತ್ರಜ್ಞ ಇ. ಪಾಲ್ ಟಾರೆನ್ಸ್. ಮಗು ಎಷ್ಟು ಉತ್ತರ ಕೊಡುತ್ತದೆ, ಎಷ್ಟು ಬಗೆಯವನ್ನು ಕೊಡುತ್ತದೆ, ಅವು ಎಷ್ಟು ಅಪರೂಪದವು, ಅವನ್ನು ಎಷ್ಟು ವಿಸ್ತರಿಸುತ್ತದೆ ಎಂಬುದನ್ನು ಅಳೆಯುವ ಅವರ ಪರೀಕ್ಷೆಗಳು 1966ರಲ್ಲಿ ಪ್ರಕಟವಾದವು, ಇಂದಿಗೂ ಬಳಕೆಯಲ್ಲಿವೆ. ಪ್ರಾಥಮಿಕ ಶಾಲೆಯ ಮಟ್ಟಿಗೆ ಅವರು ಕಂಡ ಸಂಗತಿಯೊಂದು ತುಂಬ ಮುಖ್ಯ. ಬಹಳಷ್ಟು ಮಕ್ಕಳಲ್ಲಿ ನಾಲ್ಕನೇ ತರಗತಿಯ ಹೊತ್ತಿಗೆ ಈ ಅಂಕಗಳು ಕುಸಿಯುತ್ತವೆ. ಒಂಬತ್ತು-ಹತ್ತು ವರ್ಷದ ಮಗು ಬೇರೆಯವರು ಏನನ್ನುತ್ತಾರೋ ಎಂದು ಯೋಚಿಸಲು ಶುರುಮಾಡುತ್ತದೆ. ನಿಯಮ, ಅಚ್ಚುಕಟ್ಟು, ಸರಿಯುತ್ತರಗಳಿಗೆ ಒಗ್ಗಿಕೊಳ್ಳುತ್ತದೆ. ಮುಂದೆ ಕೊರಿಯಾ ಮೂಲದ ಸಂಶೋಧಕಿ ಕ್ಯುಂಗ್ ಹೀ ಕಿಮ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಹಲವು ದಶಕಗಳ ಟಾರೆನ್ಸ್ ಅಂಕಗಳನ್ನು ಒಟ್ಟಿಗೆ ನೋಡಿ, 1990ರಿಂದೀಚೆಗೆ ಅಮೆರಿಕದಲ್ಲಿ ಅವು ಇಳಿಮುಖವಾಗಿವೆ, ಅದರಲ್ಲೂ ಚಿಕ್ಕ ತರಗತಿಗಳಲ್ಲಿ ಹೆಚ್ಚು ಎಂದಿತು. ಸ್ಪರ್ಧೆಗಳನ್ನು ಪ್ರೌಢಶಾಲೆಯವರೆಗೆ ಕಾಯದೆ ಎಳೆಯ ವಯಸ್ಸಿನಲ್ಲೇ ಆರಂಭಿಸಬೇಕೆನ್ನುವವರು ಮುಂದಿಡುವ ವಾದಕ್ಕೆ ಆಧಾರ ಇದು.

ಗ್ಲಾಸ್‌ಬರೊದ ಆರಂಭ

ಸ್ಪರ್ಧೆಗಳಿಗೆ ಇಂದಿನ ರೂಪ ಬಂದದ್ದು ನ್ಯೂಜೆರ್ಸಿಯ ಗ್ಲಾಸ್‌ಬರೊ ಸ್ಟೇಟ್ ಕಾಲೇಜಿನಲ್ಲಿ (ಈಗ ರೋವನ್ ವಿಶ್ವವಿದ್ಯಾಲಯ). ಅಲ್ಲಿ ಕೈಗಾರಿಕಾ ವಿನ್ಯಾಸ ಕಲಿಸುತ್ತಿದ್ದ ಸ್ಯಾಮ್ ಮಿಕ್ಲಸ್ ತಮ್ಮ ವಿದ್ಯಾರ್ಥಿಗಳಿಗೆ ಚಕ್ರವಿಲ್ಲದ ವಾಹನ, ಕೆರೆ ದಾಟಿಸುವ ತೇಲುವ ಸಾಧನ, ತಿಂಡಿ ಎಸೆಯುವ ಯಂತ್ರ ಮುಂತಾದವನ್ನು ಮಾಡಿ ತರುವಂತೆ ಹೇಳುತ್ತಿದ್ದರು. ಕೊನೆಗೆ ಯಂತ್ರ ಓಡಿತೋ ಇಲ್ಲವೋ ಎಂಬುದಕ್ಕಿಂತ ಅದರ ಹಿಂದಿನ ಯೋಚನೆಗೆ, ಎದೆಗಾರಿಕೆಗೆ ಅವರ ಅಂಕ. ಇದರ ಸುದ್ದಿ ಹಬ್ಬಿ ಶಾಲಾ ಮಕ್ಕಳಿಗೂ ಇಂಥದ್ದು ಬೇಕೆಂಬ ಬೇಡಿಕೆ ಬಂತು. ಮಿಕ್ಲಸ್ ಮತ್ತು ಸಹೋದ್ಯೋಗಿ ಥಿಯೊಡೋರ್ ಗೌರ್ಲಿ 1978ರಲ್ಲಿ ನಡೆಸಿದ ಮೊದಲ ಸ್ಪರ್ಧೆಯಲ್ಲಿ ನ್ಯೂಜೆರ್ಸಿಯ 28 ಶಾಲೆಗಳು ಭಾಗವಹಿಸಿದವು. ಕಾರ್ಯಕ್ರಮದ ಆರಂಭದ ಹೆಸರು ‘ಒಲಿಂಪಿಕ್ಸ್ ಆಫ್ ದಿ ಮೈಂಡ್’. ಅಮೆರಿಕದ ಒಲಿಂಪಿಕ್ ಸಮಿತಿ ಆಕ್ಷೇಪಿಸಿದ್ದರಿಂದ ಅದು ‘ಒಡಿಸಿ ಆಫ್ ದಿ ಮೈಂಡ್’ ಆಯಿತು.

ಸೋತವರಿಗೂ ಮನ್ನಣೆ ಸಿಗಬೇಕೆಂಬ ಮಿಕ್ಲಸ್ ಅವರ ನಿಲುವು ಒಂದು ಪ್ರಶಸ್ತಿಯಾಗಿ ಉಳಿದಿದೆ. ಆರಂಭದ ವರ್ಷಗಳಲ್ಲಿ ನೀರಿನ ಮೇಲೆ ಸಾಗುವ ವಾಹನ ಮಾಡುವ ಸಮಸ್ಯೆಗೆ ಒಂದು ತಂಡ ನೀರುಹುಳದ ಹಾಗೆ ಕಾಲು ಚಾಚಿದ ವಾಹನ ತಂದಿತ್ತು. ಅದು ಗುರಿ ತಲುಪಲಿಲ್ಲ. ಆದರೆ ಆ ದಿನ ಅಷ್ಟು ದಿಟ್ಟವಾದ ಯೋಚನೆ ಬೇರೆ ಯಾರದ್ದೂ ಆಗಿರಲಿಲ್ಲ. ಆ ಹುಳದ ವೈಜ್ಞಾನಿಕ ಹೆಸರಿನಲ್ಲೇ ‘ರನಾಟ್ರ ಫಸ್ಕ’ ಪ್ರಶಸ್ತಿ ಹುಟ್ಟಿತು. ಎಷ್ಟನೇ ಸ್ಥಾನ ಬಂದರೂ ಸರಿ, ಅಸಾಧಾರಣ ಸೃಜನಶೀಲತೆ ತೋರಿದ ತಂಡಕ್ಕೋ ಮಗುವಿಗೋ ಈಗಲೂ ಅದನ್ನು ಕೊಡುತ್ತಾರೆ. ಎಳೆಯ ಮಕ್ಕಳ ಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ಬಹುಮಾನ ಬೇರೆ ಇರಲಾರದು. ಮೊದಲ ಸ್ಥಾನದ ಪದಕ ಗೆದ್ದವರನ್ನು ಗುರುತಿಸುತ್ತದೆ. ಇದು ಹೊಸದನ್ನು ಪ್ರಯತ್ನಿಸಿ ಮಗುಚಿಬಿದ್ದ ಮಗುವಿಗೆ ನೀನು ಮಾಡಿದ್ದು ಸರಿ ಎಂದು ಎಲ್ಲರೆದುರು ಹೇಳುತ್ತದೆ.

1990ರ ದಶಕದ ಕೊನೆಗೆ ಸಂಘಟನೆ ಎರಡಾಯಿತು. ಒಡಿಸಿ ಹೆಸರು ಮಿಕ್ಲಸ್ ಅವರ ಕ್ರಿಯೇಟಿವ್ ಕಾಂಪಿಟಿಷನ್ಸ್ ಸಂಸ್ಥೆಯಲ್ಲಿ ಉಳಿಯಿತು. ಲಾಭರಹಿತ ಸಂಘಟನೆ 1999ರಲ್ಲಿ ಡೆಸ್ಟಿನೇಷನ್ ಇಮ್ಯಾಜಿನೇಷನ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು. ಎರಡರ ನಿಯಮಗಳೂ ಇಂದಿಗೂ ಹೆಚ್ಚುಕಡಿಮೆ ಒಂದೇ ತೆರನಾಗಿವೆ.

ತಿಂಗಳುಗಟ್ಟಲೆಯ ಸಮಸ್ಯೆ

ಒಡಿಸಿಯಲ್ಲಿ ಒಂದು ತಂಡಕ್ಕೆ ಗರಿಷ್ಠ ಏಳು ಮಕ್ಕಳು. ಶಾಲಾವರ್ಷದ ಆರಂಭದಲ್ಲಿ ಐದು ದೀರ್ಘಾವಧಿ ಸಮಸ್ಯೆಗಳು ಪ್ರಕಟವಾಗುತ್ತವೆ. ಒಂದು ವಾಹನದ್ದು, ಒಂದು ತಾಂತ್ರಿಕ ಸಾಧನದ್ದು, ಒಂದು ಹಳೆಯ ಸಾಹಿತ್ಯ-ಕಲೆ-ಇತಿಹಾಸಕ್ಕೆ ಸೇರಿದ್ದು, ಒಂದು ರಚನೆಯದ್ದು, ಒಂದು ನಾಟಕದ್ದು. ತಂಡ ಇವುಗಳಲ್ಲಿ ಒಂದನ್ನು ಆರಿಸಿಕೊಂಡು ತಿಂಗಳುಗಟ್ಟಲೆ ಕೆಲಸ ಮಾಡುತ್ತದೆ. ಸ್ಪರ್ಧೆಯ ದಿನ ಸಿಗುವುದು ಎಂಟೇ ನಿಮಿಷ. ಅಷ್ಟರಲ್ಲಿ ಸಾಮಾನು ಜೋಡಿಸಿಕೊಳ್ಳಬೇಕು, ಕಥೆ ಆಡಿ ತೋರಿಸಬೇಕು, ಯಂತ್ರ ಓಡಿಸಬೇಕು. ದೀರ್ಘಾವಧಿ ಸಮಸ್ಯೆಗೆ 200, ಅದನ್ನು ಸಿಂಗರಿಸುವ ‘ಸ್ಟೈಲ್’ಗೆ 50, ಸ್ಥಳದಲ್ಲೇ ಕೊಡುವ ಸವಾಲಿಗೆ 100, ಹೀಗೆ ಒಟ್ಟು 350 ಅಂಕ. ಅತಿ ಹೆಚ್ಚು ಗಳಿಸಿದ ತಂಡಕ್ಕೆ ಪೂರ್ತಿ 200 ಕೊಟ್ಟು ಉಳಿದವರ ಅಂಕವನ್ನು ಅದಕ್ಕೆ ಹೋಲಿಸಿ ಲೆಕ್ಕ ಹಾಕುತ್ತಾರೆ.

ಖರ್ಚಿಗೂ ಮಿತಿಯುಂಟು. ಆಯಾ ಸಮಸ್ಯೆಗೆ ನಿಗದಿಯಾದ ಮೊತ್ತ ಮೀರುವಂತಿಲ್ಲ, ಬಳಸಿದ್ದನ್ನೆಲ್ಲ ಪಟ್ಟಿ ಮಾಡಿ ತೀರ್ಪುಗಾರರಿಗೆ ಒಪ್ಪಿಸಬೇಕು. ಹಳೆಯ ಸಾಮಾನಿಗೆ ಹಳೆಯ ಸಾಮಾನಿನ ಬೆಲೆಯನ್ನೇ ಹಾಕುತ್ತಾರೆ. ಆದ್ದರಿಂದ ಕೆಟ್ಟ ಫ್ಯಾನಿನ ಮೋಟಾರು, ರಟ್ಟಿನ ಪೆಟ್ಟಿಗೆ, ಹರಿದ ಕೊಡೆ, ಸೈಕಲ್ಲಿನ ಚೈನು ಇವೇ ಬಂಡವಾಳ. ಅಂಗಡಿಯಿಂದ ತಂದ ಥಳುಕಿನ ವಸ್ತುವಿಗಿಂತ, ಒಂದು ಕೆಲಸಕ್ಕೆ ಮಾಡಿದ ವಸ್ತುವನ್ನು ಇನ್ನೊಂದು ಕೆಲಸಕ್ಕೆ ಹಚ್ಚಿದ್ದು ತೀರ್ಪುಗಾರರಿಗೆ ಹೆಚ್ಚು ಮೆಚ್ಚುಗೆ.

ಐದರಲ್ಲಿ ರಚನೆಯ ಸಮಸ್ಯೆ ನೋಡುಗರನ್ನು ಹೆಚ್ಚು ಸೆಳೆಯುತ್ತದೆ. ಬಾಲ್ಸಾ ಮರದ ತೆಳು ಕಡ್ಡಿ ಮತ್ತು ಅಂಟು ಬಿಟ್ಟರೆ ಬೇರೇನನ್ನೂ ಬಳಸುವಂತಿಲ್ಲ. ಕಡ್ಡಿ ಒಂದಂಗುಲದ ಎಂಟನೇ ಒಂದು ಭಾಗದಷ್ಟು ದಪ್ಪ. ಸುಮಾರು ಎಂಟು ಅಂಗುಲ ಎತ್ತರದ ಗೋಪುರ ಕಟ್ಟಬೇಕು. ಅದರ ತೂಕ ವರ್ಷವರ್ಷದ ನಿಯಮದಂತೆ 15ರಿಂದ 18 ಗ್ರಾಂ ಮೀರಬಾರದು. ಮೊದಲು ತೀರ್ಪುಗಾರರು ಗೋಪುರವನ್ನು ತೂಗಿ, ಎತ್ತರ ಅಳೆದು, ಮಧ್ಯದ ತೂತಿನಲ್ಲಿ ಕಂಬ ಸಲೀಸಾಗಿ ಇಳಿಯುತ್ತದೋ ಎಂದು ನೋಡುತ್ತಾರೆ. ಅದನ್ನು ನೆಟ್ಟಗಿನ ಕಂಬದ ಸುತ್ತ ಕೂರಿಸಿ ಮೇಲೊಂದು ಹಲಗೆ ಇಡುತ್ತಾರೆ. ಆಮೇಲೆ ಮಕ್ಕಳ ಸರದಿ. ಕಣ್ಣಿಗೆ ಕನ್ನಡಕ ಹಾಕಿಕೊಂಡು, ಜಿಮ್‌ನಲ್ಲಿ ಕಾಣುವಂಥ ಕಬ್ಬಿಣದ ಬಿಲ್ಲೆಗಳನ್ನು ಒಂದರ ಮೇಲೊಂದು ತಾವೇ ಪೇರಿಸುತ್ತ ಹೋಗುತ್ತಾರೆ. ಹತ್ತು ವರ್ಷದ ಹುಡುಗಿಯೊಬ್ಬಳಿಗೆ ಎತ್ತಲು ಭಾರವಾದ ಬಿಲ್ಲೆಯನ್ನು ಇಬ್ಬರು ಹಿಡಿದು ಅಲುಗದಂತೆ ಇಳಿಸುತ್ತಾರೆ. ಪಕ್ಕದಲ್ಲಿ ಉಳಿದವರು ನಾಟಕದ ಮಾತು ತಪ್ಪದ ಹಾಗೆ ನೋಡಿಕೊಳ್ಳುತ್ತಾರೆ. ಕಡ್ಡಿ ಕಿರುಗುಟ್ಟಿದಾಗ ನಿಲ್ಲಿಸಬೇಕೋ ಮುಂದುವರಿಯಬೇಕೋ ಎಂದು ನಿರ್ಧರಿಸಬೇಕಾದವರೂ ಅವರೇ. ಚೆನ್ನಾಗಿ ಕಟ್ಟಿದ ಗೋಪುರ ನೂರಾರು ಕಿಲೋ ತಡೆಯುತ್ತದೆ. ಒಂದು ಗೋಪುರ ಮುರಿದಾಗ ಯಾವ ಮೂಲೆ ಮೊದಲು ಹೋಯಿತು, ಓರೆಯ ಕಡ್ಡಿ ಯಾವ ಕಡೆ ಬೇಕಿತ್ತು ಎಂದು ಮಕ್ಕಳು ಚೂರುಗಳನ್ನು ಆಯ್ದುಕೊಂಡು ನೋಡುತ್ತಾರೆ. ಬಲ, ಒತ್ತಡ, ಸಮತೋಲ ಎಂಬ ಪದಗಳು ಪಾಠಪುಸ್ತಕದಲ್ಲಿ ಬರುವ ಮೊದಲೇ ಅವರ ಕೈಗೆ ಪರಿಚಯವಾಗಿರುತ್ತವೆ.

ಸ್ಥಳದಲ್ಲೇ ಕೊಡುವ ಸವಾಲು

ಎರಡನೆಯ ಭಾಗ ಒಡಿಸಿಯಲ್ಲಿ ‘ಸ್ಪಾಂಟೇನಿಯಸ್’, ಡೆಸ್ಟಿನೇಷನ್ ಇಮ್ಯಾಜಿನೇಷನ್‌ನಲ್ಲಿ ‘ಇನ್‌ಸ್ಟಂಟ್ ಚಾಲೆಂಜ್’. ತಂಡ ಮಾತ್ರ ಒಂದು ಕೋಣೆಯೊಳಗೆ ಹೋಗುತ್ತದೆ. ತಂದೆ-ತಾಯಿ, ಮಾರ್ಗದರ್ಶಕರು ಹೊರಗೇ ನಿಲ್ಲಬೇಕು. ಒಳಗೆ ಹೋಗುವತನಕ ಸವಾಲು ಏನೆಂದು ಯಾರಿಗೂ ಗೊತ್ತಿರುವುದಿಲ್ಲ, ಹೊರಬಂದ ಮೇಲೂ ಸ್ಪರ್ಧೆಗಳು ಮುಗಿಯುವವರೆಗೆ ಬಾಯಿಬಿಡುವಂತಿಲ್ಲ. ಕೆಲವು ಸವಾಲು ಬರೀ ಮಾತಿನವು, ಕೆಲವು ಕೈಕೆಲಸದವು, ಕೆಲವು ಎರಡೂ ಸೇರಿದವು.

ಕೈಕೆಲಸದ ಸವಾಲೆಂದರೆ ಮೇಜಿನ ಮೇಲೆ ಹತ್ತು ಸ್ಟ್ರಾ, ನಾಲ್ಕು ಕಾಗದದ ಲೋಟ, ಒಂದಷ್ಟು ಪೇಪರ್ ಕ್ಲಿಪ್, ಅಂಟುಚೀಟಿ. ಇವಿಷ್ಟರಲ್ಲಿ ಎರಡು ಮೇಜುಗಳ ನಡುವೆ ಸೇತುವೆ ಕಟ್ಟಿ ಗೋಲಿ ಸಾಗಿಸಿ ಎಂಬಂಥದ್ದು. ಸಮಯ ಬೆರಳೆಣಿಕೆಯ ನಿಮಿಷ. ಎಷ್ಟು ಗೋಲಿ ದಾಟಿದವು ಎಂಬುದಕ್ಕೂ ಅಂಕವುಂಟು, ಮಕ್ಕಳು ಒಬ್ಬರ ಮಾತು ಒಬ್ಬರು ಹೇಗೆ ಕೇಳಿಸಿಕೊಂಡರು ಎಂಬುದಕ್ಕೂ ಉಂಟು.

ಮಾತಿನ ಸವಾಲಿನಲ್ಲಿ ಒಂದು ವಸ್ತು ತೋರಿಸಿ ಇದು ಏನಾಗಬಹುದು ಎಂದು ಕೇಳುತ್ತಾರೆ. ಕೊಡೆಯೊಂದನ್ನು ಬಿಚ್ಚಿ ತೋರಿಸಿದರು ಎಂದಿಟ್ಟುಕೊಳ್ಳಿ. ‘ಮಳೆಗೆ ಹಿಡಿಯೋದು’, ‘ಬಿಸಿಲಿಗೆ ಹಿಡಿಯೋದು’ ಎಂಬ ಉತ್ತರಕ್ಕೆ ಕಡಿಮೆ ಅಂಕ. ‘ಇರುವೆಗಳ ಜಾತ್ರೆಗೆ ಹಾಕಿದ ಡೇರೆ’, ‘ಬಾವಲಿಯ ಅಸ್ಥಿಪಂಜರ’ ಎಂದರೆ ಹೆಚ್ಚು. ತಪ್ಪು ಉತ್ತರ ಎಂಬುದು ಇಲ್ಲ. ಆದರೆ ಮಕ್ಕಳು ಸರದಿಯಂತೆಯೇ ಹೇಳಬೇಕು, ಸರದಿ ಬಿಟ್ಟು ಮುಂದೆ ಹೋಗುವಂತಿಲ್ಲ. ಒಬ್ಬರಿಗೆ ಹೊಳೆಯದಿದ್ದರೆ ಇಡೀ ತಂಡ ನಿಂತುಬಿಡುತ್ತದೆ. ಹೀಗಾಗಿ ತರಗತಿಯಲ್ಲಿ ಯಾವತ್ತೂ ಕೈಯೆತ್ತದ ಮಗುವನ್ನು ಮಾತಾಡಿಸುವುದು ತಂಡಕ್ಕೇ ಬೇಕಾದ ಕೆಲಸವಾಗುತ್ತದೆ. ಚುರುಕಾದ ಮಗು ಎಲ್ಲವನ್ನೂ ತಾನೇ ಹೇಳಿ ಗೆಲ್ಲಿಸಲಾಗದು. ನಿಯಮ ಸಣ್ಣದು, ಅದರ ಪರಿಣಾಮ ದೊಡ್ಡದು. ಗುಂಪಿನಲ್ಲಿ ಕೂತು ಯೋಚಿಸಿದರೆ ಹೆಚ್ಚು ಹೊಳೆಯುತ್ತದೆ ಎಂಬ ಆಸ್ಬಾರ್ನ್ ನಂಬಿಕೆಯನ್ನು 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದಾಗ ಫಲಿತಾಂಶ ತದ್ವಿರುದ್ಧವಾಗಿ ಬಂದಿತ್ತು. ನಾಲ್ವರು ಒಟ್ಟಿಗೆ ಕೂತು ಹೇಳಿದ್ದಕ್ಕಿಂತ, ನಾಲ್ವರು ಬೇರೆ ಬೇರೆ ಕೂತು ಯೋಚಿಸಿದ್ದನ್ನು ಸೇರಿಸಿದಾಗ ಸಿಕ್ಕ ಯೋಚನೆಗಳು ಹೆಚ್ಚಿದ್ದವು. ಗುಂಪಿನಲ್ಲಿ ಕೆಲವರು ಸುಮ್ಮನಾಗಿಬಿಡುವುದು ಇದಕ್ಕೆ ಮುಂದಿನ ಸಂಶೋಧಕರು ಕೊಟ್ಟ ಕಾರಣಗಳಲ್ಲೊಂದು. ಸರದಿಯ ನಿಯಮ ಸರಿಯಾಗಿ ಆ ದೋಷಕ್ಕೇ ಮದ್ದು.

ದೊಡ್ಡವರು ಕೈಹಾಕಬಾರದು

ಈ ಸ್ಪರ್ಧೆಗಳ ಜೀವಾಳ ಒಂದೇ ನಿಯಮ: ಪರಿಹಾರ ಪೂರ್ತಿಯಾಗಿ ಮಕ್ಕಳದ್ದಾಗಿರಬೇಕು. ಯೋಚನೆ, ವಿನ್ಯಾಸ, ಕತ್ತರಿಸುವುದು, ಹೊಲಿಯುವುದು, ಬಣ್ಣ ಬಳಿಯುವುದು, ಸಂಭಾಷಣೆ ಬರೆಯುವುದು ಯಾವುದರಲ್ಲೂ ತಂಡದ ಹೊರಗಿನವರು ಕೈಹಾಕುವಂತಿಲ್ಲ. ಹೊರಗಿನವರೆಂದರೆ ಅಪ್ಪ-ಅಮ್ಮ, ಮೇಷ್ಟ್ರು, ಅಣ್ಣ-ಅಕ್ಕ ಎಲ್ಲರೂ. ಒಡಿಸಿಯಲ್ಲಿ ಇದು ‘ಹೊರಗಿನ ನೆರವು’, ಡೆಸ್ಟಿನೇಷನ್ ಇಮ್ಯಾಜಿನೇಷನ್‌ನಲ್ಲಿ ‘ಹಸ್ತಕ್ಷೇಪ’. ನೆರವು ಪಡೆದಿಲ್ಲವೆಂದು ತಂಡ ಬರೆದುಕೊಡಬೇಕು, ಪಡೆದಿದ್ದರೆ ಅಂಕ ಕಳೆಯುತ್ತಾರೆ. ಡೆಸ್ಟಿನೇಷನ್ ಇಮ್ಯಾಜಿನೇಷನ್‌ನವರು ಈ ಪತ್ರಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಹೆಸರನ್ನೇ ಇಟ್ಟಿದ್ದಾರೆ.

ಹಾಗಾದರೆ ದೊಡ್ಡವರ ಕೆಲಸವೇನು? ಒಡಿಸಿಯಲ್ಲಿ ಕೋಚ್, ಡೆಸ್ಟಿನೇಷನ್ ಇಮ್ಯಾಜಿನೇಷನ್‌ನಲ್ಲಿ ಟೀಮ್ ಮ್ಯಾನೇಜರ್, ಆಸ್ಟ್ರೇಲಿಯಾದ ಟೂರ್ನಮೆಂಟ್ ಆಫ್ ಮೈಂಡ್ಸ್‌ನಲ್ಲಿ ಫೆಸಿಲಿಟೇಟರ್ ಎಂದು ಕರೆಸಿಕೊಳ್ಳುವ ಇವರು ಜಾಗ ಒದಗಿಸಬಹುದು, ಗರಗಸ ಹಿಡಿಯುವುದು ಹೇಗೆ, ಹೊಲಿಗೆ ಯಂತ್ರ ನಡೆಸುವುದು ಹೇಗೆ ಎಂಬ ಕೌಶಲ ಕಲಿಸಬಹುದು, ಮಕ್ಕಳಿಗೆ ಗಾಯವಾಗದಂತೆ ನೋಡಿಕೊಳ್ಳಬಹುದು. ‘ಇದಕ್ಕೆ ರಟ್ಟು ಸಾಕಾಗಲ್ಲ, ಪ್ಲೈವುಡ್ ಹಾಕಿ’ ಎನ್ನುವ ಹಾಗಿಲ್ಲ. ‘ರಟ್ಟು ಒದ್ದೆಯಾದರೆ ಏನಾಗುತ್ತೆ?’ ಎಂದು ಕೇಳಬಹುದು, ಅದೂ ಉತ್ತರವನ್ನು ಪ್ರಶ್ನೆಯೊಳಗೆ ಬಚ್ಚಿಡದೆ. ಸೋಲುವುದು ಕಣ್ಣಿಗೆ ಕಾಣುತ್ತಿರುವಾಗಲೂ ಸುಮ್ಮನಿರುವುದು ಎಷ್ಟು ಕಷ್ಟ ಎಂಬುದು ಮಕ್ಕಳ ಜೊತೆ ಕೆಲಸ ಮಾಡಿದ ಎಲ್ಲರಿಗೂ ತಿಳಿದದ್ದೇ. ವಾಲಿದ ಚಕ್ರ ಸ್ಪರ್ಧೆಯ ದಿನವೂ ವಾಲಿಕೊಂಡೇ ಇರಬಹುದು. ವಾಲಿದ್ದು ಯಾಕೆಂದು ಆ ಮಕ್ಕಳಿಗೆ ಗೊತ್ತಾದರೆ ಸಾಕು, ಅದು ವಾಲದ ಚಕ್ರಕ್ಕಿಂತ ದೊಡ್ಡ ಗಳಿಕೆ.

ಕನ್ನಡನಾಡಿನ ಓದುಗರಿಗೆ ಈ ನಿಯಮದ ಬೆಲೆ ಬೇಗ ಅರ್ಥವಾಗುತ್ತದೆ. ನಮ್ಮ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಥರ್ಮಕೋಲಿನ ಅಣೆಕಟ್ಟು, ಜ್ವಾಲಾಮುಖಿ, ಮಳೆನೀರು ಕೊಯ್ಲಿನ ಮಾದರಿಗಳನ್ನು ಹಿಂದಿನ ರಾತ್ರಿ ಕೂತು ಮುಗಿಸುವವರು ಬಹಳಷ್ಟು ಸಲ ಮನೆಯ ದೊಡ್ಡವರೇ. ಮಗು ಅದರ ಪಕ್ಕ ನಿಂತು ಉರುಹೊಡೆದ ವಿವರಣೆ ಒಪ್ಪಿಸುತ್ತದೆ. ಪಾಲಕರ ಪ್ರೀತಿಯನ್ನು ಇಲ್ಲಿ ಹಳಿಯಬೇಕಿಲ್ಲ, ಆದರೆ ಕಲಿಯುವ ಅವಕಾಶ ಮಗುವಿನ ಕೈತಪ್ಪಿ ಹೋಗಿರುತ್ತದೆ. ನೋಡಲು ಚಂದವಾದ ಮಾದರಿಗಿಂತ ಮಗುವಿನ ಕೈಯ ಸೊಟ್ಟ ಮಾದರಿಗೆ ಹೆಚ್ಚು ಅಂಕ ಎಂದು ತೀರ್ಪುಗಾರರು ಮೊದಲೇ ಸಾರಿದರೆ ಮಾತ್ರ ಇದು ಬದಲಾಗುತ್ತದೆ. ಒಡಿಸಿ ಮಾದರಿಯ ಸ್ಪರ್ಧೆಗಳು ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ಮಾಡುತ್ತ ಬಂದಿರುವುದು ಅದನ್ನೇ.

ಇತರ ಸ್ಪರ್ಧೆಗಳು

ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1987ರಲ್ಲಿ ಆರಂಭವಾದ ಟೂರ್ನಮೆಂಟ್ ಆಫ್ ಮೈಂಡ್ಸ್‌ನಲ್ಲಿ ಪ್ರಾಥಮಿಕ, ಪ್ರೌಢ ಎಂಬ ಎರಡು ವಿಭಾಗಗಳಿವೆ. ಏಳು ಮಕ್ಕಳ ತಂಡಕ್ಕೆ ದೀರ್ಘ ಸಮಸ್ಯೆ ಬಿಡಿಸಲು ಆರು ವಾರ ಕೊಡುತ್ತಾರೆ. ವಿಜ್ಞಾನ-ತಂತ್ರಜ್ಞಾನ, ಭಾಷೆ-ಸಾಹಿತ್ಯ, ಸಮಾಜ ವಿಜ್ಞಾನ, ಕಲೆ ಇವುಗಳಲ್ಲಿ ಒಂದನ್ನು ಆಯ್ದುಕೊಂಡು, ಮೂರು ಮೀಟರ್ ಉದ್ದಗಲದ ಚೌಕದೊಳಗೆ ಹತ್ತು ನಿಮಿಷದಲ್ಲಿ ಪ್ರದರ್ಶಿಸಬೇಕು. ಬೇರೊಂದು ಕೋಣೆಯಲ್ಲಿ ದಿಢೀರ್ ಸವಾಲು ಇದ್ದೇ ಇರುತ್ತದೆ. ಭಾಷೆ, ಸಮಾಜ ವಿಜ್ಞಾನಗಳಿಗೆ ಯಂತ್ರದಷ್ಟೇ ಗೌರವ ಕೊಟ್ಟದ್ದು ಈ ಸ್ಪರ್ಧೆಯ ವಿಶೇಷ. ಕಥೆ ಕಟ್ಟುವುದರಲ್ಲಿ ಮುಂದಿರುವ ಮಗುವಿಗೂ ಅಲ್ಲಿ ಮೊದಲ ಸಾಲಿನ ಜಾಗವಿದೆ.

ಟಾರೆನ್ಸ್ ತಮ್ಮ ಪತ್ನಿ ಪ್ಯಾನ್ಸಿ ಜೊತೆ 1974ರಲ್ಲಿ ಜಾರ್ಜಿಯಾದಲ್ಲಿ ಆರಂಭಿಸಿದ ಫ್ಯೂಚರ್ ಪ್ರಾಬ್ಲಂ ಸಾಲ್ವಿಂಗ್ ಇವೆಲ್ಲಕ್ಕಿಂತ ಹಳೆಯದು, ಸ್ವಭಾವದಲ್ಲೂ ಬೇರೆ. ಇಲ್ಲಿ ಗರಗಸ, ಅಂಟು ಇಲ್ಲ. ಓದು ಮತ್ತು ಬರಹ. ನಾಲ್ಕು ಮಕ್ಕಳ ತಂಡ ಮೊದಲೇ ತಿಳಿಸಿದ ವಿಷಯವನ್ನು ಓದಿಕೊಂಡು ಬರುತ್ತದೆ. ಸ್ಪರ್ಧೆಯಲ್ಲಿ ದಶಕಗಳಾಚೆಯ ಭವಿಷ್ಯದ ಸನ್ನಿವೇಶವೊಂದನ್ನು ಕೊಡುತ್ತಾರೆ. ಎರಡು ಗಂಟೆಯೊಳಗೆ ಅದರಲ್ಲಿನ ತೊಡಕುಗಳನ್ನು ಪಟ್ಟಿ ಮಾಡಿ, ಮೂಲ ಸಮಸ್ಯೆ ಆರಿಸಿ, ಪರಿಹಾರಗಳನ್ನು ಯೋಚಿಸಿ, ಅವನ್ನು ತೂಗಿನೋಡುವ ಮಾನದಂಡ ಹಾಕಿಕೊಂಡು, ಆ ಮಾನದಂಡದಿಂದ ಒಂದನ್ನು ಆಯ್ದು, ಕಾರ್ಯಯೋಜನೆ ಬರೆಯಬೇಕು. ಕಿರಿಯರ ವಿಭಾಗ ನಾಲ್ಕನೇ ತರಗತಿಯಿಂದ ಶುರು. ಟಾರೆನ್ಸ್ ಕುಸಿತ ಕಂಡದ್ದೂ ಅದೇ ತರಗತಿಯಲ್ಲಿ.

ಆವಿಷ್ಕಾರಕ ಡೀನ್ ಕೇಮನ್ ಸ್ಥಾಪಿಸಿದ ಫಸ್ಟ್ ಸಂಸ್ಥೆ ಮತ್ತು ಲೆಗೋ ಕಂಪನಿ 1998ರಲ್ಲಿ ಕೂಡಿ ಆರಂಭಿಸಿದ ಫಸ್ಟ್ ಲೆಗೋ ಲೀಗ್‌ನಲ್ಲಿ ರೋಬೋಟ್ ಮುಖ್ಯ, ಜೊತೆಗೆ ಒಂದು ಸಂಶೋಧನಾ ಯೋಜನೆಯೂ ಇರುತ್ತದೆ. ಅದರ ಕಿರಿಯರ ವಿಭಾಗವಾದ ಎಕ್ಸ್‌ಪ್ಲೋರ್‌ನಲ್ಲಿ ಆರರಿಂದ ಹತ್ತು ವರ್ಷದವರು ಲೆಗೋ ಮಾದರಿ ಕಟ್ಟಿ, ತಾವು ಕಂಡುಕೊಂಡದ್ದನ್ನು ಭಿತ್ತಿಪತ್ರದಲ್ಲಿ ತೋರಿಸುತ್ತಾರೆ.

ಅಂಕವಿಲ್ಲದ ವಯಸ್ಸು

ತೀರ ಎಳೆಯರನ್ನು ಗೆಲುವು-ಸೋಲಿಗೆ ಒಡ್ಡಬಾರದೆಂಬುದರಲ್ಲಿ ಬಹುತೇಕ ಸಂಘಟಕರು ಒಂದೇ ಮನಸ್ಸಿನವರು. ಒಡಿಸಿಯಲ್ಲಿ ಎರಡನೇ ತರಗತಿಯವರೆಗಿನ ಮಕ್ಕಳಿಗೆ ಪ್ರತ್ಯೇಕ ಸಮಸ್ಯೆಯಿದೆ. ಅವರು ವೇದಿಕೆ ಹತ್ತಿ ಪರಿಹಾರ ತೋರಿಸುತ್ತಾರೆ, ತೀರ್ಪುಗಾರರು ಮಾತಾಡಿಸುತ್ತಾರೆ, ಅಂಕವಾಗಲಿ ಸ್ಥಾನವಾಗಲಿ ಇಲ್ಲ. ಡೆಸ್ಟಿನೇಷನ್ ಇಮ್ಯಾಜಿನೇಷನ್‌ನ ಎಳೆಯರ ವಿಭಾಗವೂ ಹಾಗೆಯೇ. ಅಂಕದ ಸ್ಪರ್ಧೆ ಅದಕ್ಕೂ ದೊಡ್ಡ ಮಕ್ಕಳಿಗೆ. ಒಡಿಸಿಯ ಮೊದಲ ವಿಭಾಗ ಐದನೇ ತರಗತಿಗೆ ಮುಗಿಯುತ್ತದೆ.

ಜಿಲ್ಲೆ, ರಾಜ್ಯ ಹಂತ ದಾಟಿದವರು ಅಂತಿಮ ಸುತ್ತಿಗೆ ಹೋಗುತ್ತಾರೆ. ಒಡಿಸಿಯ ವಿಶ್ವ ಸ್ಪರ್ಧೆ ಮಿಷಿಗನ್ ಸ್ಟೇಟ್, ಅಯೋವಾ ಸ್ಟೇಟ್ ಮುಂತಾದ ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತದೆ. ಡೆಸ್ಟಿನೇಷನ್ ಇಮ್ಯಾಜಿನೇಷನ್‌ನದು ಬಹುಕಾಲ ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ ನಡೆಯಿತು. ಬೇರೆ ಬೇರೆ ರಾಜ್ಯ, ದೇಶಗಳ ಮಕ್ಕಳು ತಮ್ಮ ಊರಿನ ಗುರುತಿರುವ ಪಿನ್ನುಗಳನ್ನು ಅಂಗಿಗೂ ಪಟ್ಟಿಗೂ ಚುಚ್ಚಿಕೊಂಡು ಪರಸ್ಪರ ಬದಲಾಯಿಸಿಕೊಳ್ಳುವುದು ಅಲ್ಲಿನ ಸಂಪ್ರದಾಯ. ಭಾಷೆ ಬಾರದ ಇಬ್ಬರು ಮಕ್ಕಳ ಗೆಳೆತನ ಅಲ್ಲಿ ಪಿನ್ನಿನಿಂದಲೇ ಶುರುವಾಗುತ್ತದೆ.

ಆಕ್ಷೇಪಗಳು

ಮೊದಲ ಆಕ್ಷೇಪ ಸ್ಪರ್ಧೆ ಎಂಬುದರ ಮೇಲೆಯೇ. ಮನಶ್ಶಾಸ್ತ್ರಜ್ಞೆ ತೆರೇಸಾ ಅಮಾಬಿಲೆ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಏಳರಿಂದ ಹನ್ನೊಂದು ವರ್ಷದ ಹುಡುಗಿಯರು ಕಾಗದದ ಚೂರುಗಳಿಂದ ಕೊಲಾಜ್ ಮಾಡಿದ್ದರು. ಒಂದು ಗುಂಪಿಗೆ ಚೆನ್ನಾಗಿ ಮಾಡಿದವರಿಗೆ ಬಹುಮಾನ ಎಂದಿದ್ದರು, ಇನ್ನೊಂದು ಗುಂಪಿನಲ್ಲಿ ಬಹುಮಾನ ಚೀಟಿ ಎತ್ತಿ ಕೊಡುವುದೆಂದಿದ್ದರು. ಕಲಾವಿದರು ನೋಡಿ ಅಂಕ ಹಾಕಿದಾಗ, ಪೈಪೋಟಿಗೆ ಇಳಿದವರ ಕೊಲಾಜ್‌ಗಳಲ್ಲಿ ಸೃಜನಶೀಲತೆ ಕಡಿಮೆಯಿತ್ತು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ತಂಡದೊಳಗೆ ಸಹಕಾರ, ಹೊರಗೆ ಮಾತ್ರ ಪೈಪೋಟಿ ಎಂಬ ಸಮಾಧಾನ ಅರ್ಧ ಮಾತ್ರ ಸರಿ. ಎಳೆಯರಿಗೆ ಅಂಕ ಬೇಡವೆಂಬ ನಿಯಮ, ರನಾಟ್ರ ಫಸ್ಕದಂಥ ಪ್ರಶಸ್ತಿ ಇವೇ ಇದಕ್ಕೆ ಸಂಘಟಕರು ಕಂಡುಕೊಂಡ ನಿಜವಾದ ಉತ್ತರ.

ಎರಡನೆಯದು ಹಣ. ಸಾಮಾನಿನ ಖರ್ಚಿಗೆ ಮಿತಿಯಿದ್ದರೂ ನೋಂದಣಿ, ಪ್ರಯಾಣ, ವಾಸ್ತವ್ಯಕ್ಕೆ ಮಿತಿಯಿಲ್ಲ. ಮೇಲಿನ ಸುತ್ತಿಗೆ ಹೋದಷ್ಟೂ ಅನುಕೂಲಸ್ಥರ ಮಕ್ಕಳಿಗೆ, ಬಿಡುವಿರುವ ಪಾಲಕರಿರುವ ಶಾಲೆಗಳಿಗೆ ದಾರಿ ಸುಗಮ. ರೋಬೋಟ್ ಕಿಟ್ ಬೇಕಾದ ಸ್ಪರ್ಧೆಗಳಲ್ಲಿ ಈ ಅಂತರ ಇನ್ನೂ ಹೆಚ್ಚು. ಮೂರನೆಯದು, ಮೇಲೆ ಹೇಳಿದ ಹಸ್ತಕ್ಷೇಪ. ಪತ್ರಕ್ಕೆ ಸಹಿ ಬಿದ್ದ ಮಾತ್ರಕ್ಕೆ ದೊಡ್ಡವರ ಕೈ ದೂರವಾಯಿತು ಎನ್ನಲಾಗದು. ಅನುಭವಿ ತೀರ್ಪುಗಾರರು ಮಕ್ಕಳನ್ನೇ ಕೇಳುತ್ತಾರೆ: ‘ಇದನ್ನು ಹೇಗೆ ಮಾಡಿದಿರಿ?’ ಮಾಡಿದ ಮಗು ನಿಲ್ಲದೆ ಹೇಳುತ್ತದೆ.

ಭಾರತ, ಕರ್ನಾಟಕ

ಭಾರತದಲ್ಲಿ ಫಸ್ಟ್ ಲೆಗೋ ಲೀಗ್ ಅನ್ನು ಇಂಡಿಯಾ ಸ್ಟೆಮ್ ಫೌಂಡೇಶನ್ ನಡೆಸುತ್ತದೆ. ಇದರಲ್ಲಿ ನಗರಗಳ ಖಾಸಗಿ ಶಾಲೆಗಳದ್ದೇ ಮೇಲುಗೈ. ತಂಡವಾಗಿ ಸಮಸ್ಯೆ ಬಿಡಿಸುವ ನಮ್ಮದೇ ಪ್ರಯತ್ನವೆಂದರೆ 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನ ನೀರು, ಮಣ್ಣು, ಬೆಳೆ, ಕಸದ ಸಮಸ್ಯೆಯೊಂದನ್ನು ಅಧ್ಯಯನ ಮಾಡಿ ವರದಿ ಮಂಡಿಸುತ್ತಾರೆ. ಕರ್ನಾಟಕದಲ್ಲಿ ಇದರ ಹೊಣೆ ಹೊತ್ತು ಬಂದದ್ದು 1980ರಲ್ಲಿ ಸ್ಥಾಪನೆಯಾದ, ‘ಬಾಲ ವಿಜ್ಞಾನ’ ಪತ್ರಿಕೆ ಹೊರತರುವ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ವಯೋಮಿತಿಯಿಂದಾಗಿ ಪ್ರಾಥಮಿಕ ಶಾಲೆಯ ಕೆಳಗಿನ ತರಗತಿಗಳು ಇದರ ಹೊರಗೆ ಉಳಿಯುತ್ತವೆ. ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳೂ ಆರನೇ ತರಗತಿಯಿಂದ ಮೇಲಿನವರಿಗೆ. ಪ್ರತಿಭಾ ಕಾರಂಜಿ ಹಳ್ಳಿಹಳ್ಳಿಯ ಸರ್ಕಾರಿ ಶಾಲೆಯ ಮಗುವನ್ನೂ ವೇದಿಕೆಗೆ ತಂದ ದೊಡ್ಡ ಕಾರ್ಯಕ್ರಮ. ಆದರೆ ಕಂಠಪಾಠ, ಛದ್ಮವೇಷ, ಕ್ಲೇ ಮಾಡೆಲಿಂಗ್ ಮುಂತಾದ ಅಲ್ಲಿನ ಕಿರಿಯರ ಸ್ಪರ್ಧೆಗಳಲ್ಲಿ ಹೆಚ್ಚಿನವು ಒಬ್ಬೊಬ್ಬರೇ ಮಾಡುವಂಥವು.

ಹಾಗೆಂದು ನೆಲ ಸಿದ್ಧವಿಲ್ಲ ಎನ್ನಲಾಗದು. 1990ರ ದಶಕದ ಮಧ್ಯದಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಸೇರಿ ಆರಂಭಿಸಿದ ನಲಿ-ಕಲಿ ಪದ್ಧತಿ ಈಗ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದರಿಂದ ಮೂರನೇ ತರಗತಿಗಳಲ್ಲಿದೆ. ಅಲ್ಲಿ ಮಕ್ಕಳು ತಟ್ಟೆಗಳೆಂಬ ಗುಂಪುಗಳಲ್ಲಿ ಕೂರುತ್ತಾರೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ಣ ಸಹಾಯ, ಇನ್ನೊಂದಕ್ಕೆ ಗೆಳೆಯರ ಸಹಾಯ, ಮತ್ತೊಂದರಲ್ಲಿ ಸ್ವಂತ ಕಲಿಕೆ. ದೊಡ್ಡವರಿಲ್ಲದೆ ಗೆಳೆಯರೊಡನೆ ಕೂತು ಬಿಡಿಸುವ ಅಭ್ಯಾಸ ಆ ಮಕ್ಕಳಿಗೆ ಆಗಲೇ ಇದೆ. ನಾಲ್ಕನೇ ತರಗತಿಗೆ ಬಂದೊಡನೆ ಸಾಲಾಗಿ ಕೂರಿಸಿ ಪ್ರಶ್ನೋತ್ತರ ಬರೆಸುವುದು ಶುರುವಾಗುತ್ತದೆ. ಅಭ್ಯಾಸ ಅಲ್ಲಿಗೆ ತುಂಡಾಗುವುದು ನಷ್ಟವೇ ಸರಿ.

ಅಂತರರಾಷ್ಟ್ರೀಯ ಸ್ಪರ್ಧೆಗೆ ಹೆಸರು ಕೊಡುವ ಶಕ್ತಿ ನಮ್ಮ ಬಹುಪಾಲು ಶಾಲೆಗಳಿಗಿಲ್ಲ. ಅದು ಬೇಕಾಗಿಯೂ ಇಲ್ಲ. ಸ್ಥಳದಲ್ಲೇ ಕೊಡುವ ಸವಾಲಿಗೆ ಬೇಕಾದದ್ದು ಹಳೆಯ ದಿನಪತ್ರಿಕೆ, ಒಂದಷ್ಟು ದಾರ, ತೆಂಗಿನ ಗರಿಯ ಕಡ್ಡಿ ಮತ್ತು ಅರ್ಧ ಗಂಟೆ. ‘ಇವಿಷ್ಟರಲ್ಲಿ ನಿಮ್ಮ ಮೊಣಕಾಲೆತ್ತರದ ಗೋಪುರ ಕಟ್ಟಿ, ಅದರ ಮೇಲೆ ಒಂದು ಪಾಠಪುಸ್ತಕ ನಿಲ್ಲಿಸಿ’ ಎಂದು ಶನಿವಾರದ ಕೊನೆಯ ಪಿರಿಯಡ್‌ನಲ್ಲಿ ಐದೈದು ಮಕ್ಕಳ ತಂಡಗಳಿಗೆ ಹೇಳಬಹುದು. ಹಾಗೆ ಹೇಳುವ ಮೇಷ್ಟ್ರು, ಟೀಚರುಗಳಲ್ಲಿ ಒಂದೇ ವಿನಂತಿ: ಗೋಪುರ ವಾಲಿದಾಗ ಹಿಡಿಯಲು ಹೋಗಬೇಡಿ, ಬೀಳಲು ಬಿಡಿ, ಮಕ್ಕಳು ಇನ್ನೊಮ್ಮೆ ಕಟ್ಟಲು ಸಮಯ ಕೊಡಿ.